ಹೊಟ್ಟೆ ಕಟ್ಟಿದರೆ ನಾಚಿಕೆ ಬೇಡ: ನಾರು, ನೀರು, ಹೊತ್ತು



ಈ ತಿಂಗಳ ಪಾಠದ ಹೆಸರು ಕೇಳಿ ಕೆಲವರು ಸೆರಗು ಬಾಯಿಗೆ ಹಿಡಿದು ನಗಬಹುದು. ನಗಿ, ಪರವಾಗಿಲ್ಲ. ಆದರೆ ಪೂರ್ತಿ ಓದಿ. ಸಾಲ, ಉಳಿತಾಯ, ಬಡ್ಡಿ ಎಂದು ಧೈರ್ಯವಾಗಿ ಮಾತಾಡುವ ನಾವು ಹೊಟ್ಟೆ ಕಟ್ಟಿದ ವಿಷಯವನ್ನು ಪಕ್ಕದಲ್ಲಿ ಕೂತವಳಿಗೂ ಹೇಳುವುದಿಲ್ಲ. ಹೇಳದೆ ಇದ್ದದ್ದರಿಂದಲೇ ನೋವು ಬೆಳೆಯುತ್ತದೆ.

ಒಂದು ಹಳ್ಳಿಯ ಸಂಘದಲ್ಲಿ ಒಬ್ಬ ಸದಸ್ಯೆ ಇದ್ದರು. ಸಭೆಗೆ ತಪ್ಪದೆ ಬರುತ್ತಿದ್ದರು, ಆದರೆ ಕೂರುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತೇ ಇರುತ್ತಿದ್ದರು. ಕೇಳಿದರೆ "ಮಂಡಿ ನೋವು" ಅನ್ನುತ್ತಿದ್ದರು. ಒಂದು ದಿನ ಎಲ್ಲರೂ ಹೋದ ಮೇಲೆ ನಿಜ ಹೇಳಿದರು. ನಾಲ್ಕೈದು ದಿನಕ್ಕೊಮ್ಮೆ ಮಾತ್ರ ಎರಡಕ್ಕೆ ಹೋಗುತ್ತಿದ್ದರು. ಹೋದಾಗ ಕಣ್ಣಲ್ಲಿ ನೀರು ಬರುವಷ್ಟು ನೋವು, ಜೊತೆಗೆ ರಕ್ತ. ವರ್ಷಗಳಿಂದ ಅಂಗಡಿಯಿಂದ ಭೇದಿ ಮಾತ್ರೆ ತಂದು ನುಂಗುತ್ತಿದ್ದರು. ಮೊದಲು ಒಂದು, ಆಮೇಲೆ ಎರಡು.

ನಾವು ತಕ್ಷಣ ನಾರಿನ ಪಾಠ ಮಾಡಿದೆವು. ರಾಗಿ ತಿನ್ನಿ, ಸೊಪ್ಪು ತಿನ್ನಿ, ಗೋಧಿ ತೌಡು ಕಲಸಿಕೊಳ್ಳಿ ಎಂದೆವು. ಮುಂದಿನ ತಿಂಗಳು ಅವರು ಬಂದು, "ಸಿಸ್ಟರ್, ನೀವು ಹೇಳಿದ್ದೆಲ್ಲಾ ತಿಂದೆ. ಹೊಟ್ಟೆ ಕಲ್ಲಾಗಿ ಹೋಯ್ತು" ಎಂದರು. ಆಗ, ಮೊದಲೇ ಕೇಳಬೇಕಾಗಿದ್ದ ಮಾತನ್ನು ಕೇಳಿದೆವು: "ದಿನಕ್ಕೆ ನೀರು ಎಷ್ಟು ಕುಡೀತೀರಮ್ಮಾ?" ಅವರ ಉತ್ತರ ಹೀಗಿತ್ತು: "ನೀರು ಕುಡಿದ್ರೆ ಹಗಲೊತ್ತು ಎಲ್ಲಿಗೆ ಹೋಗೋದು ಸಿಸ್ಟರ್?"

ಮನೆಯಲ್ಲಿ ಕಕ್ಕಸು ಇತ್ತು, ಆದರೆ ಅದಕ್ಕೆ ನೀರಿರಲಿಲ್ಲ. ಒಳಗೆ ಸೌದೆ ತುಂಬಿದ್ದರು. ಅವರು ಬಯಲಿಗೆ ಹೋಗಲು ಕತ್ತಲಾಗುವವರೆಗೆ ಕಾಯುತ್ತಿದ್ದರು. ಅಂದು ಪಾಠ ಕಲಿತವರು ನಾವು.

ಹೊಟ್ಟೆ ಏಕೆ ಕಟ್ಟುತ್ತದೆ?

ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋಗುವುದು, ಮುಕ್ಕಿರಿಯಬೇಕಾಗುವುದು, ಮಲ ಗಂಟುಗಂಟಾಗಿ ಬರುವುದು, ಹೋಗಿ ಬಂದರೂ ಇನ್ನೂ ಉಳಿದಿದೆ ಅನಿಸುವುದು, ಇವೆಲ್ಲ ಮಲಬದ್ಧತೆಯ ಗುರುತುಗಳು. ಎಲ್ಲರೂ ದಿನಾ ಹೋಗಲೇಬೇಕೆಂಬ ನಿಯಮವಿಲ್ಲ. ಸುಲಭವಾಗಿ, ನೋವಿಲ್ಲದೆ ಹೋದರೆ ಸಾಕು.

ದೊಡ್ಡ ಕರುಳಿನ ಒಂದು ಕೆಲಸ ಮಲದಿಂದ ನೀರನ್ನು ಹೀರಿಕೊಳ್ಳುವುದು. ಬಂದ ಒತ್ತಡವನ್ನು ನಾವು ತಡೆದಷ್ಟೂ ಮಲ ಅಲ್ಲೇ ಉಳಿಯುತ್ತದೆ, ಕರುಳು ನೀರು ಹೀರುತ್ತಲೇ ಇರುತ್ತದೆ, ಮಲ ಒಣಗಿ ಗಟ್ಟಿಯಾಗುತ್ತದೆ. ಗಟ್ಟಿ ಮಲ ಹೊರಬರುವಾಗ ಗುದದ್ವಾರದಲ್ಲಿ ಬಿರುಕು ಬಿಡುತ್ತದೆ. ಮುಕ್ಕಿರಿದು ಮುಕ್ಕಿರಿದು ಮೂಲವ್ಯಾಧಿಯೂ ಬರಬಹುದು. ನೋವಿಗೆ ಹೆದರಿ ಮತ್ತೆ ತಡೆಯುತ್ತೇವೆ, ಮತ್ತೆ ಗಟ್ಟಿಯಾಗುತ್ತದೆ.

ನಾರು ಮಾಡುವ ಕೆಲಸ

ನಾರು ಅಂದರೆ ಕಾಳು, ಸೊಪ್ಪು, ಹಣ್ಣುಗಳಲ್ಲಿರುವ, ನಮ್ಮ ಹೊಟ್ಟೆ ಅರಗಿಸಲಾರದ ಭಾಗ. ಮೆಂತ್ಯ, ಇಸಬಗೋಲಿನಲ್ಲಿ ಇರುವಂಥ ನಾರು ನೀರು ಕುಡಿದು ಲೋಳೆಯಾಗಿ ಮಲವನ್ನು ಮೆತ್ತಗಿಡುತ್ತದೆ. ತೌಡು, ಸಿಪ್ಪೆ, ದಂಟಿನಲ್ಲಿ ಇರುವಂಥ ನಾರು ಮಲದ ಗಾತ್ರ ಹೆಚ್ಚಿಸಿ ಕರುಳು ಅದನ್ನು ಮುಂದೆ ತಳ್ಳುವಂತೆ ಮಾಡುತ್ತದೆ.

ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯರು ಆಫ್ರಿಕದ ಉಗಾಂಡದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಅವರೂ ಅವರ ಸಂಗಡಿಗರೂ 1972ರಲ್ಲಿ ಒಂದು ವಿಷಯ ಪ್ರಕಟಿಸಿದರು. ತೌಡು ತೆಗೆಯದ ಧಾನ್ಯ ತಿನ್ನುವ ಆಫ್ರಿಕದ ಹಳ್ಳಿಗರ ಮಲ ಹೆಚ್ಚು ತೂಕದ್ದಾಗಿ, ಬೇಗ ಹೊರಬರುತ್ತಿತ್ತು. ನಯಗೊಳಿಸಿದ ಹಿಟ್ಟು ತಿನ್ನುವ ಇಂಗ್ಲೆಂಡಿನವರಲ್ಲಿ ಅದು ಕಡಿಮೆಯೂ ನಿಧಾನವೂ ಆಗಿತ್ತು.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂನಲ್ಲಿ ನಾರು ಹೀಗಿದೆ:

- ಪಾಲಿಶ್ ಮಾಡಿದ ಅಕ್ಕಿ: 3 ಗ್ರಾಂಗಿಂತ ಕಡಿಮೆ
- ರಾಗಿ: ಸುಮಾರು 11 ಗ್ರಾಂ
- ಜೋಳ: ಸುಮಾರು 10 ಗ್ರಾಂ
- ಹುರುಳಿಕಾಳು: ಸುಮಾರು 8 ಗ್ರಾಂ
- ಇಡೀ ಹೆಸರುಕಾಳು: ಸುಮಾರು 17 ಗ್ರಾಂ

ಲೆಕ್ಕ ಸ್ಪಷ್ಟವಾಗಿದೆ. ಎರಡು ಹೊತ್ತೂ ಬಿಳಿ ಅನ್ನ, ತಿಳಿ ಸಾರು ಆದರೆ ನಾರು ಎಲ್ಲಿಂದ ಬರಬೇಕು? ಇನ್ನೊಂದು ಮಾತು. ಸೊಪ್ಪು, ಕಾಳು, ಪಲ್ಯ ಎಲ್ಲವನ್ನೂ ಗಂಡ ಮಕ್ಕಳಿಗೆ ಬಡಿಸಿ, ಕೊನೆಗೆ ಅನ್ನಕ್ಕೆ ಉಳಿದ ಸಾರು ಕಲಸಿಕೊಂಡು ಉಣ್ಣುವವರು ಯಾರು? ನಾವೇ ಅಲ್ಲವೇ? ನಿಮ್ಮ ಪಾಲಿನ ಸೊಪ್ಪನ್ನು ಮೊದಲೇ ಒಂದು ಬಟ್ಟಲಲ್ಲಿ ತೆಗೆದಿಡಿ.

ಮನೆಯಲ್ಲೇ ಮಾಡಬಹುದಾದದ್ದು

1. ದಿನಕ್ಕೆ ಒಂದು ಹೊತ್ತಾದರೂ ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ ಮಾಡಿ. ಹಿಟ್ಟನ್ನು ಜರಡಿ ಹಿಡಿದು ಸಿಪ್ಪೆ ಚೆಲ್ಲಬೇಡಿ.

2. ಕಾಳು ಮೊಳಕೆ ಕಟ್ಟಿ ಉಸಲಿ ಮಾಡಿ. ನುಗ್ಗೆ, ದಂಟು, ಬಸಳೆ ಸೊಪ್ಪು, ಬಾಳೆದಿಂಡಿನ ಪಲ್ಯ ಬಳಸಿ. ಇವು ಹಿತ್ತಲಲ್ಲೇ ಸಿಗುತ್ತವೆ.

3. ಸೀಬೆಯನ್ನು ಸಿಪ್ಪೆ ಸಮೇತ ತಿನ್ನಿ. ಪಪ್ಪಾಯಿ, ಚೆನ್ನಾಗಿ ಹಣ್ಣಾದ ಬಾಳೆ, ರಾತ್ರಿ ನೆನೆಸಿದ ಒಣದ್ರಾಕ್ಷಿಯೂ ಒಳ್ಳೆಯದು.

4. ರಾತ್ರಿ ಒಂದು ಚಮಚ ಮೆಂತ್ಯ ನೆನೆಸಿ, ಬೆಳಿಗ್ಗೆ ನೀರಿನೊಂದಿಗೆ ಸೇವಿಸಿ. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಶುರುಮಾಡಿ.

5. ಇಸಬಗೋಲು ಒಂದು ಗಿಡದ ಬೀಜದ ಹೊಟ್ಟು. ಒಂದು ಚಮಚವನ್ನು ಒಂದು ದೊಡ್ಡ ಲೋಟ ನೀರಿಗೆ ಹಾಕಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ. ಮೇಲೆ ಇನ್ನೊಂದು ಲೋಟ ನೀರು ಕುಡಿಯಲೇಬೇಕು. ಒಣಪುಡಿ ಬಾಯಿಗೆ ಹಾಕಬೇಡಿ, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ನುಂಗಲು ಕಷ್ಟವಿರುವವರಿಗೆ ಬೇಡವೇ ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ನಾರನ್ನು ಒಂದೇ ದಿನ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ.

ನೀರು ಮತ್ತು ಹೊತ್ತು

ನೀರಿಲ್ಲದ ನಾರು ಒಣಹುಲ್ಲಿನಂತೆ, ಒಳಗೇ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಎಂಟು ಲೋಟ ನೀರಾದರೂ ಕುಡಿಯಿರಿ, ಬಿಸಿಲಿನ ಕೆಲಸವಿದ್ದರೆ ಇನ್ನೂ ಹೆಚ್ಚು. ಮಜ್ಜಿಗೆ, ಅಂಬಲಿಯೂ ಲೆಕ್ಕಕ್ಕೆ ಬರುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರು ಹೇಳಿದ ಅಳತೆ ಮೀರಬೇಡಿ.

ಬೆಳಿಗ್ಗೆ ಏನಾದರೂ ತಿಂದ ಅರ್ಧ ಗಂಟೆಯೊಳಗೆ ಕರುಳು ತಾನಾಗಿಯೇ ಚುರುಕಾಗುತ್ತದೆ. ಅದೇ ಹೊತ್ತಿನಲ್ಲಿ ನಮಗೆ ಡಬ್ಬಿ ಕಟ್ಟುವುದು, ದನ, ಕೂಲಿ, ಬಸ್ಸು. ಹತ್ತು ನಿಮಿಷ ನಿಮಗಾಗಿ ಇಟ್ಟುಕೊಳ್ಳಿ. ಮನೆಯವರಿಗೂ ಇದನ್ನು ತಿಳಿಸಿ.

ಎಚ್ಚರಿಕೆ

- ಭೇದಿ ಮಾತ್ರೆ, ಸೋನಾಮುಖಿ ಪುಡಿಯನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಬೇಡಿ. ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಗರ್ಭಿಣಿಯರು ಹರಳೆಣ್ಣೆ ಕುಡಿಯಲೇಬಾರದು.
- ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ಕಟ್ಟಬಹುದು, ಮಲ ಕಪ್ಪಾಗಬಹುದು. ಅದಕ್ಕಾಗಿ ಮಾತ್ರೆ ಬಿಸಾಡಬೇಡಿ. ನಾರು, ನೀರು ಹೆಚ್ಚಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ.
- ಎಳೆಗೂಸಿಗೆ ಸೋಪಿನ ಚೂರು, ವೀಳ್ಯದೆಲೆ ತೊಟ್ಟು ಇಡಬೇಡಿ.
- ರಕ್ತ ಬೀಳುವುದು, ತೂಕ ಇಳಿಯುವುದು, ರಕ್ತಹೀನತೆ, ವಯಸ್ಸಾದ ಮೇಲೆ ಹೊಸದಾಗಿ ಹೊಟ್ಟೆ ಕಟ್ಟುವುದು, ಇವುಗಳಲ್ಲಿ ಒಂದಿದ್ದರೂ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. "ಮೂಲವ್ಯಾಧಿ ಇರಬೇಕು" ಎಂದು ನಾವೇ ತೀರ್ಮಾನಿಸಬಾರದು. ಕರುಳಿನ ಕ್ಯಾನ್ಸರಿನಲ್ಲೂ ರಕ್ತ ಬೀಳುತ್ತದೆ, ಬೇಗ ತಿಳಿದರೆ ಚಿಕಿತ್ಸೆಯಿದೆ.
- ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಆ ಗಳಿಗೆಯಲ್ಲೇ ಹೊರಡಿ.

ಆ ಸದಸ್ಯೆಯನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆಯಲ್ಲಿ ಬಿರುಕು ಕಂಡಿತು, ಬೇರೇನೂ ಇರಲಿಲ್ಲ. ಸಂಘ ಸಣ್ಣ ಸಾಲ ಕೊಟ್ಟಿತು. ಕಕ್ಕಸಿನಿಂದ ಸೌದೆ ಹೊರಗೆ ಬಂತು, ಒಂದು ಡ್ರಮ್ಮು, ನಲ್ಲಿ, ಬಾಗಿಲಿಗೆ ಚಿಲಕ ಒಳಗೆ ಬಂತು. ಮುದ್ದೆ, ಸೊಪ್ಪು ಹಿಂದೆ ತಿಂದದ್ದೇ. ಈ ಸಲ ಜೊತೆಗೆ ನೀರು ಕುಡಿದರು. ಮೂರನೇ ತಿಂಗಳ ಸಭೆಗೆ ಬಂದವರು ಎಲ್ಲರ ಜೊತೆ ಚಾಪೆಯ ಮೇಲೆ ಕೂತರು.

ಸಂಘದಲ್ಲಿ ಚರ್ಚಿಸಿ

1. ನಿನ್ನೆ ನೀವು ಎಷ್ಟು ಲೋಟ ನೀರು ಕುಡಿದಿರಿ? ಕಡಿಮೆಯಾಗಿದ್ದರೆ ಕಾರಣವೇನು?
2. ಮನೆಯಲ್ಲಿ ಸೊಪ್ಪು, ಕಾಳು ಮೊದಲು ಯಾರ ತಟ್ಟೆಗೆ ಬೀಳುತ್ತದೆ?
3. ನಮ್ಮ ಸಂಘದ ಎಷ್ಟು ಮನೆಗಳ ಕಕ್ಕಸಿಗೆ ನೀರಿದೆ? ಇಲ್ಲದ ಮನೆಗಳಿಗೆ ಸಂಘ ಏನು ಮಾಡಬಹುದು? ಪಂಚಾಯ್ತಿಯಲ್ಲಿ ಏನು ಕೇಳಬಹುದು?

ಮೂರನೇ ಪ್ರಶ್ನೆಯ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಭೆಗೆ ಬಂದಾಗ ನಾವು ಅದನ್ನೇ ಮೊದಲು ಕೇಳುತ್ತೇವೆ.