ಒಂದೇ ಹೆಸರು, ಬೇರೆ ಬೇರೆ ಒಡಲು

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಅಲ್ಲಿಯ ಹತ್ತಿ ಗಿರಣಿಗಳನ್ನು ಬಲ್ಲ ಹಿರಿಯರಿಗೆ ನೂಲಿನ ‘ನಂಬರು’ ಪರಿಚಿತವಾದುದೇ. ಒಂದು ಪೌಂಡು ತೂಕದ ನೂಲಿನಲ್ಲಿ 840 ಗಜ ಉದ್ದದ ಲಡಿಗಳು ಎಷ್ಟಿವೆಯೋ ಅಷ್ಟೇ ಆ ನೂಲಿನ ನಂಬರು. ಇಪ್ಪತ್ತನೆಯ ನಂಬರೆಂದರೆ ನೂಲು ಎಷ್ಟು ಸಣ್ಣದೆಂಬುದು ತಿಳಿಯುತ್ತದೆ. ಅದು ಉದ್ದ ಎಳೆಯ ಹತ್ತಿಯಿಂದ ಆದುದೋ ಗಿಡ್ಡ ಎಳೆಯ ಹತ್ತಿಯಿಂದ ಆದುದೋ ತಿಳಿಯುವುದಿಲ್ಲ. ನೂಲಿನ ಬಲವಾದರೋ ಬಹುಮಟ್ಟಿಗೆ ಆ ಎಳೆಯ ಉದ್ದವನ್ನೇ ಅವಲಂಬಿಸಿದೆ.

ಇಂದಿನ ವಿದ್ಯಾರ್ಥಿಯು ತನ್ನ ಗಣಕಯಂತ್ರಕ್ಕೆಂದು ಕೊಳ್ಳುವ ಕಡಮೆ ಬೆಲೆಯ ಎಸ್‌ಎಸ್‌ಡಿಯ ಸಂಗತಿಯೂ ಇಂಥದೇ. ಪೆಟ್ಟಿಗೆಯ ಮೇಲೆ ಹೆಸರು, ಧಾರಣಶಕ್ತಿ, ವೇಗ ಇವು ಮುದ್ರಿತವಾಗಿರುತ್ತವೆ. ಹೋದ ವರ್ಷ ಗೆಳೆಯನು ಕೊಂಡುದೂ ಈ ವರ್ಷ ನಾವು ಕೊಂಡುದೂ ಹೆಸರಿನಲ್ಲಿ ಒಂದೇ. ಆದರೂ ಒಂದು ಚುರುಕು, ಇನ್ನೊಂದು ಮಂದ. ಇದು ಹೇಗೆ ಸಾಧ್ಯ?

ಕೋಶದೊಳಗಿನ ಮಟ್ಟಗಳು

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಗಳಿಲ್ಲ. ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಅದರ ಜೀವಾಳ. ಅತಿ ಸೂಕ್ಷ್ಮವಾದ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಅವುಗಳ ಮೊತ್ತವನ್ನು ಅಳೆದು ಮಾಹಿತಿಯನ್ನು ಓದುವುದು ಇದರ ತತ್ತ್ವ.

ಕೋಶವನ್ನು ಒಂದು ಲೋಟವೆಂದು ಭಾವಿಸಿರಿ. ಒಂದು ಬಿಟ್ಟನ್ನು ಮಾತ್ರ ಇಡುವುದಾದರೆ ತುಂಬಿದೆ, ಬರಿದಾಗಿದೆ ಎಂಬ 2 ಮಟ್ಟಗಳು ಸಾಕು. 2 ಬಿಟ್ಟುಗಳಿಗೆ 4 ಮಟ್ಟಗಳು, 3 ಬಿಟ್ಟುಗಳಿಗೆ 8, 4 ಬಿಟ್ಟುಗಳಿಗೆ 16 ಮಟ್ಟಗಳು ಬೇಕು. ಒಂದೇ ಲೋಟದಲ್ಲಿ ಹದಿನಾರು ಗೆರೆಗಳಿದ್ದರೆ ನೀರನ್ನು ತೊಟ್ಟುತೊಟ್ಟಾಗಿ ಸುರಿದು, ಮತ್ತೆ ಮತ್ತೆ ಅಳೆಯಬೇಕಾಗುತ್ತದೆ. ಆದುದರಿಂದ ಕೋಶಕ್ಕೆ ಬಿಟ್ಟುಗಳು ಹೆಚ್ಚಿದಂತೆ ಬೆಲೆ ಇಳಿಯುತ್ತದೆ. ಬರೆಯುವ ವೇಗವೂ ಕೋಶದ ಬಾಳಿಕೆಯೂ ಕುಗ್ಗುತ್ತವೆ.

ಅಂಗಳ ಮತ್ತು ಉಗ್ರಾಣ

ಈ ನಿಧಾನವನ್ನು ಮರೆಸಲು ಒಂದು ಉಪಾಯವುಂಟು. ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳದ ಹಂಗಾಮಿನಲ್ಲಿ ಗಾಡಿಗಳು ಬಂದಾಗ ಚೀಲಗಳನ್ನು ಮೊದಲು ಅಂಗಳದಲ್ಲಿಯೇ ಇಳಿಸಿ, ಬಿಡುವಾದಾಗ ಉಗ್ರಾಣದಲ್ಲಿ ಒತ್ತಾಗಿ ಪೇರಿಸುವುದನ್ನು ಊಹಿಸಿಕೊಳ್ಳಿರಿ. ಎಸ್‌ಎಸ್‌ಡಿಯೂ ಕೆಲವು ಕೋಶಗಳಲ್ಲಿ ತಾತ್ಕಾಲಿಕವಾಗಿ ಒಂದೊಂದೇ ಬಿಟ್ಟನ್ನು ಬೇಗ ಬೇಗ ಬರೆದು, ಬಳಿಕ ಅದನ್ನು ಒತ್ತಾಗಿ ಜೋಡಿಸುತ್ತದೆ. ಅಂಗಳ ತುಂಬಿದೊಡನೆ ಹಿಂದಿನ ಗಾಡಿಗಳು ಕಾಯಬೇಕು. ಪೆಟ್ಟಿಗೆಯ ಮೇಲೆ ಕಾಣುವ ಬರೆಯುವ ವೇಗ ಸಾಮಾನ್ಯವಾಗಿ ಅಂಗಳದ ವೇಗ; ಉಗ್ರಾಣದ್ದಲ್ಲ.

ನಡೆದ ಕೆಲವು ನಿದರ್ಶನಗಳು

ಕಿಂಗ್‌ಸ್ಟನ್ ಸಂಸ್ಥೆಯ ವಿ300 ಅಗ್ಗದ ಎಸ್‌ಎಸ್‌ಡಿಗಳಲ್ಲೊಂದು. ಅದರಲ್ಲಿ ಮೊದಲು ತೋಷಿಬಾ ಚಿಪ್ಪುಗಳಿದ್ದುವು. ಮುಂದೆ ಅದೇ ಹೆಸರಿನಲ್ಲಿಯೇ ಮೈಕ್ರಾನ್ ಚಿಪ್ಪುಗಳು ಬಂದುವು. ಇದು 2014ರಲ್ಲಿ ಬಹು ಚರ್ಚೆಗೆ ಒಳಗಾಯಿತು. ಹಳೆಯವು ಸಂಕೇತದ ಏರಿಕೆ, ಇಳಿಕೆ ಎರಡರಲ್ಲಿಯೂ ದತ್ತಾಂಶವನ್ನು ಸಾಗಿಸುತ್ತಿದ್ದುವು; ಹೊಸವು ಒಮ್ಮೆ ಮಾತ್ರ. ಅದರ ನಿಯಂತ್ರಕ ಚಿಪ್ಪಾದರೋ ದತ್ತಾಂಶವನ್ನು ಸಂಕೋಚಗೊಳಿಸಿ ಬರೆಯುತ್ತಿತ್ತು. ಆದಕಾರಣ ಸುಲಭವಾಗಿ ಸಂಕೋಚಗೊಳ್ಳುವ ಕಡತಗಳಿಂದ ಪರೀಕ್ಷಿಸಿದರೆ ವ್ಯತ್ಯಾಸ ಮರೆಯಾಗುತ್ತಿತ್ತು. ಆಗಲೇ ಸಂಕುಚಿತವಾಗಿರುವ ಚಿತ್ರ, ವಿಡಿಯೋಗಳನ್ನು ಬರೆದಾಗ ಮಾತ್ರ ಬಯಲಾಗುತ್ತಿತ್ತು.

2020ರಲ್ಲಿ ಬಂದ ಕ್ರೂಶಿಯಲ್ ಪಿ2ರಲ್ಲಿ ಕೋಶಕ್ಕೆ 3 ಬಿಟ್ಟುಗಳಿದ್ದುವು. 2021ರಲ್ಲಿ ಅದೇ ಹೆಸರಿನಡಿ 4 ಬಿಟ್ಟುಗಳ ಕೋಶಗಳು ಕಂಡುಬಂದುವು. ಅದೇ ವರ್ಷ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಎಸ್‌ಎನ್550ರ ಸ್ಮೃತಿಯೂ ಬದಲಾಯಿತು. ಅಂಗಳ ತುಂಬಿದ ನಂತರ ಹಳೆಯದು ಸೆಕೆಂಡಿಗೆ ಸುಮಾರು 610 ಮೆಗಾಬೈಟ್ ಬರೆಯುತ್ತಿದ್ದರೆ, ಹೊಸದು ಸುಮಾರು 390 ಬರೆಯುತ್ತಿತ್ತು. ಆ ಹಂತದಲ್ಲಿ 60 ಗಿಗಾಬೈಟ್ ಬರೆಯಲು ಹಳೆಯದಕ್ಕೆ 98 ಸೆಕೆಂಡು, ಹೊಸದಕ್ಕೆ 154 ಸೆಕೆಂಡು. ಟೀಕೆಗಳು ಬಂದ ಮೇಲೆ, ಪ್ರಕಟಿತ ಗುಣಾಂಶಗಳು ಬದಲಾದರೆ ಮುಂದೆ ಹೊಸ ಮಾದರಿ ಸಂಖ್ಯೆಯನ್ನೇ ಕೊಡುವೆವೆಂದು ಸಂಸ್ಥೆ ತಿಳಿಸಿತು.

ಬದಲಾವಣೆಯೆಲ್ಲ ಕೆಡುಕೆಂದು ತಿಳಿಯಬಾರದು. 2021ರಲ್ಲಿ ಸ್ಯಾಮ್‌ಸಂಗ್ 970 ಇವೊ ಪ್ಲಸ್‌ನ ನಿಯಂತ್ರಕ ಬದಲಾದಾಗ 1 ಟೆರಾಬೈಟ್ ಮಾದರಿಯ ಅಂಗಳ 42ರಿಂದ 115 ಗಿಗಾಬೈಟಿಗೆ ವಿಸ್ತರಿಸಿತು. ಅಂಗಳ ತುಂಬಿದ ಮೇಲಿನ ವೇಗ ಮಾತ್ರ ಸೆಕೆಂಡಿಗೆ ಸುಮಾರು 1500 ಮೆಗಾಬೈಟಿನಿಂದ 800ಕ್ಕೆ ಇಳಿಯಿತು. ಸಣ್ಣ ಕಡತಗಳನ್ನು ಬರೆಯುವವನಿಗೆ ಲಾಭ, ದೊಡ್ಡ ವಿಡಿಯೋಗಳನ್ನು ಬರೆಯುವವನಿಗೆ ನಷ್ಟ.

ಗರಿಷ್ಠವೋ, ಮಿತಿಯೋ?

ದಾವಣಗೆರೆಗೆ ಸಮೀಪದ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಲೇತ್‌ನಂತಹ ಯಂತ್ರಗಳ ವೃತ್ತಿಯಲ್ಲಿ ನಿಖರತೆಗೆ ಒಂದು ಮಿತಿಯನ್ನು ನಿಗದಿಮಾಡುವುದು ವಾಡಿಕೆ: ತಪ್ಪು ಇಷ್ಟಕ್ಕಿಂತ ಹೆಚ್ಚಾಗಕೂಡದು. ಯಾವ ಭಾಗ ಬದಲಾದರೂ ಯಂತ್ರ ಆ ಮಿತಿಯೊಳಗೇ ಇರಬೇಕು. ಎಸ್‌ಎಸ್‌ಡಿಯ ಪೆಟ್ಟಿಗೆಯಾದರೋ ‘ಇಷ್ಟು ವೇಗದವರೆಗೆ’ ಎನ್ನುತ್ತದೆ. ಅದು ಮೇಲಿನ ಗೆರೆ. ಇದಕ್ಕಿಂತ ಕೆಳಗೆ ಇಳಿಯದೆಂಬ ಗೆರೆ ಅಲ್ಲಿಲ್ಲ. ಒಳಗಿನ ಚಿಪ್ಪು ಬದಲಾದರೂ ಹೆಸರು ಉಳಿಯಲು ಎಡೆಯಾಗುವುದು ಇಲ್ಲಿಯೇ. ವಸ್ತುವಿನ ಗುಣಮಟ್ಟವನ್ನು ತಿಳಿಯುವುದು ಗ್ರಾಹಕನ ಹಕ್ಕೆಂದು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಹೇಳುತ್ತದೆ.

ಪರೀಕ್ಷಿಸಿ ನೋಡಿರಿ

ಒಂದೇ ಹೆಸರಿನ, ಒಂದೇ ಧಾರಣಶಕ್ತಿಯ ಎರಡು ಎಸ್‌ಎಸ್‌ಡಿಗಳು ದೊರೆತರೆ ಮೊದಲು ಎರಡರ ಫರ್ಮ್‌ವೇರ್ ಸಂಖ್ಯೆಯನ್ನೂ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿರಿ. ಎರಡನ್ನೂ ಒಂದೇ ಗಣಕಯಂತ್ರದಲ್ಲಿ, ಅರ್ಧದಷ್ಟು ತುಂಬಿದ ಸ್ಥಿತಿಯಲ್ಲಿ ಪರೀಕ್ಷಿಸಬೇಕು. ಏಕೆಂದರೆ ಅನೇಕ ಎಸ್‌ಎಸ್‌ಡಿಗಳಲ್ಲಿ ಸ್ಥಳ ತುಂಬಿದಂತೆ ಅಂಗಳ ಕಿರಿದಾಗುತ್ತದೆ. ಅನಂತರ ಹತ್ತಾರು ಗಿಗಾಬೈಟ್ ಗಾತ್ರದ ವಿಡಿಯೋ ಕಡತಗಳನ್ನು ವೇಗವಾದ ಮೂಲದಿಂದ ನಕಲು ಮಾಡಿರಿ. ಪೆನ್‌ಡ್ರೈವಿನಿಂದ ಮಾಡಿದರೆ ಅಳೆದುದು ಪೆನ್‌ಡ್ರೈವಿನ ವೇಗವನ್ನೇ. ಪ್ರತಿ 10 ಸೆಕೆಂಡಿಗೊಮ್ಮೆ ವೇಗವನ್ನು ಗುರುತಿಸಿ ನಕ್ಷೆ ಬರೆಯಿರಿ. ಬರೆದಷ್ಟೂ ಕೋಶಗಳು ಸವೆಯುವುದರಿಂದ ಈ ಪ್ರಯೋಗವನ್ನು ಪದೇ ಪದೇ ಮಾಡಲಾಗದು.

ನಕ್ಷೆಯ ಗೆರೆಯು ಥಟ್ಟನೆ ಇಳಿಯುವ ಬಿಂದುವೇ ಅಂಗಳದ ಅಂಚು. ಅದರ ಮುಂದಿನ ಸಮತಟ್ಟಾದ ಭಾಗವು ಎಸ್‌ಎಸ್‌ಡಿಯ ನಿಜವಾದ ಶಕ್ತಿ. ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗ ಅವು ಹೊಂದದೆ ಹೋದರೆ, ಹೆಸರು ಒಂದಾದರೂ ವಸ್ತು ಒಂದಲ್ಲವೇನೋ ಎಂದು ಶಂಕಿಸಲು ಕಾರಣವುಂಟು.