ಹಳೆಯ ಲ್ಯಾಪ್‌ಟಾಪಿನ ವೈ-ಫೈ ಕಾರ್ಡ್: ಅವಸರ ಬೇಡ

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ ವೈ-ಫೈ ಕಾಣಿಸದಿದ್ದರೆ, ಕಾರ್ಡಿಗೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಂತು ಮಾತು ಮುಟ್ಟಿಸುವ ಡ್ರೈವರ್ ಎಂಬ ತಂತ್ರಾಂಶಗಳನ್ನು ಸಿಕ್ಕಸಿಕ್ಕಲ್ಲಿಂದ ತಂದು ಒಂದರ ಮೇಲೊಂದು ಹೇರುವವರೇ ಹೆಚ್ಚು. ರೋಗ ತಿಳಿಯದೆ ಅಂಗಡಿಯ ಮಾತ್ರೆಗಳನ್ನೆಲ್ಲ ನುಂಗಿದಂತಾಗುವ ಈ ಅವಸರವನ್ನು ಓದುಗರು ದಯವಿಟ್ಟು ಬಿಡಬೇಕು.

ಮೊದಲು ಲ್ಯಾಪ್‌ಟಾಪಿನ ಅಂಚಿನಲ್ಲಿ ಪುಟ್ಟ ವೈ-ಫೈ ಸ್ವಿಚ್ ಇದೆಯೇ ಎಂದು ನೋಡಿ. ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಆದೇಶವು ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದು ತೋರಿಸಿದರೆ ರೇಡಿಯೊ ಯಂತ್ರಾಂಶದ ಮಟ್ಟದಲ್ಲೇ ತಡೆಯಲ್ಪಟ್ಟಿದೆ ಎಂದರ್ಥ, ಅಲ್ಲಿ ಹೊಸ ಡ್ರೈವರಿನಿಂದ ಸಾಮಾನ್ಯವಾಗಿ ಏನೂ ಆಗದು. ಆಮೇಲೆ ‘ಎಲ್‌ಎಸ್‌ಪಿಸಿಐ -ಎನ್‌ಎನ್’ ಆದೇಶ ನೀಡಿದರೆ ಕಾರ್ಡಿನ ನಿಜವಾದ ಗುರುತು, ಅಂದರೆ ತಯಾರಕರ ಸಂಖ್ಯೆ ಮತ್ತು ಮಾದರಿಯ ಸಂಖ್ಯೆ ಜೋಡಿಯಾಗಿ ಕಾಣುತ್ತವೆ: 8086 ಎಂದಿದ್ದರೆ ಇಂಟೆಲ್, 14ಇ4 ಎಂದಿದ್ದರೆ ಬ್ರಾಡ್‌ಕಾಮ್. ಒಂದೇ ಮಾದರಿಯ ಲ್ಯಾಪ್‌ಟಾಪುಗಳು ಬೇರೆಬೇರೆ ಕಾರ್ಡುಗಳೊಂದಿಗೆ ಮಾರಾಟವಾಗಿರುವುದರಿಂದ ಮುಚ್ಚಳದ ಮೇಲಿನ ಹೆಸರನ್ನು ನಂಬುವಂತಿಲ್ಲ.

ಹೆಚ್ಚು ಕಾಡುವುದು ಹಳೆಯ ಬ್ರಾಡ್‌ಕಾಮ್ ಕಾರ್ಡುಗಳೇ. ಅವುಗಳಲ್ಲಿ ಹಲವಕ್ಕೆ ‘ಬಿ43’ ಎಂಬ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇದ್ದರೂ, ಕಾರ್ಡಿನೊಳಗೆ ಓಡುವ ಫರ್ಮ್‌ವೇರ್ ಎಂಬ ಕಿರುತಂತ್ರಾಂಶವನ್ನು ಪರವಾನಗಿಯ ಕಾರಣದಿಂದ ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ. ಜಾಲವಿಲ್ಲದೆ ಜಾಲಕ್ಕೆ ಬೇಕಾದ ಕಡತ ತರುವ ಈ ಪೇಚಿಗೆ ಈಥರ್‌ನೆಟ್ ತಂತಿಯೋ ಯುಎಸ್‌ಬಿ ಮೂಲಕ ಜೋಡಿಸಿದ ಮೊಬೈಲೋ ಸಾಕು. ಬ್ರಾಡ್‌ಕಾಮ್‌ನದೇ ಆದ ‘ಡಬ್ಲ್ಯುಎಲ್’ ಡ್ರೈವರನ್ನು ‘ಬಿ43’ ಜೊತೆಗೇ ಇರಿಸಿದರೆ ಎರಡೂ ಒಂದೇ ಕಾರ್ಡಿಗಾಗಿ ಜಗ್ಗಾಡುವುದರಿಂದ, ಒಂದನ್ನು ನಿಷೇಧಪಟ್ಟಿಗೆ ಸೇರಿಸಿ ಯಂತ್ರವನ್ನು ಮರುಪ್ರಾರಂಭಿಸುವುದು ಲೇಸು.

ಕಾರ್ಡನ್ನೇ ಬದಲಿಸುವ ಮನಸ್ಸಿದ್ದರೆ, ಹಳೆಯ ಥಿಂಕ್‌ಪ್ಯಾಡ್ ಮತ್ತು ಎಚ್‌ಪಿ ಯಂತ್ರಗಳಲ್ಲಿ ಕೆಲವು, ಯಂತ್ರವನ್ನು ಆರಂಭಿಸುವ ಬಯಾಸ್ ಎಂಬ ತಂತ್ರಾಂಶದ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಕಂಡರೆ ಆರಂಭವಾಗಲು ನಿರಾಕರಿಸುತ್ತವೆ ಎಂಬುದನ್ನು ಹಣ ತೆರುವ ಮುನ್ನವೇ ನೆನೆಯಬೇಕು.