ಲೂ ನದಿಯ ನೀರು ಎಲ್ಲಿಯದು?

ಫ್ರಾನ್ಸ್ ದೇಶದ ಪೂರ್ವದ ಎಲ್ಲೆಯಲ್ಲಿ, ಸ್ವಿಟ್ಸರ್ಲೆಂಡಿಗೆ ತಾಗಿಕೊಂಡು ಜೂರಾ ಪರ್ವತಶ್ರೇಣಿಯಿದೆ. ಅಲ್ಲಿ ಸುಮಾರು 100 ಮೀಟರು ಎತ್ತರದ ಒಂದು ಬಂಡೆಯ ಬುಡದಲ್ಲಿ ದೊಡ್ಡ ಗವಿ. ಅದರ ಬಾಯಿಂದ ಲೂ ಎಂಬ ನದಿ, ಹುಟ್ಟುವಾಗಲೇ ಮೈತುಂಬಿಕೊಂಡು, ಭೋರ್ಗರೆಯುತ್ತ ಹೊರಬರುತ್ತದೆ. ಇದರ ದಡದ ಓರ್ನಾಂ ಎಂಬ ಊರಿನಲ್ಲಿ 1819ರಲ್ಲಿ ಹುಟ್ಟಿದ ಚಿತ್ರಕಾರ ಕೂರ್ಬೆ ಈ ಗವಿಯನ್ನು ಹಲವು ಸಲ ಚಿತ್ರಿಸಿದ್ದಾನೆ. ನದಿಯ ಉದ್ದ ಸುಮಾರು 120 ಕಿಲೋಮೀಟರು ಮಾತ್ರ.

ಹನಿಹನಿಯಾಗಿ ಜಿನುಗಿ ಬೆಳೆಯಬೇಕಾದ ನದಿಗೆ ಮೊದಲ ಹೆಜ್ಜೆಯಲ್ಲೇ ಇಷ್ಟು ನೀರು ಎಲ್ಲಿಂದ?

ಜೂರಾದ ನೆಲವೆಲ್ಲ ಸುಣ್ಣಕಲ್ಲು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಕಲ್ಲಿನ ಬಿರುಕಿಗೆ ಇಳಿಯುತ್ತದೆ. ಕಲ್ಲನ್ನು ಕರಗಿಸುತ್ತ ಸಾವಿರಾರು ವರ್ಷಗಳಲ್ಲಿ ಬಿರುಕನ್ನು ಸುರಂಗವಾಗಿಸುತ್ತದೆ. ಮೇಲಿನ ಪ್ರಸ್ಥಭೂಮಿಯಲ್ಲಿ ಬಿದ್ದ ಮಳೆ ಹೀಗೆ ಒಳಗೊಳಗೇ ಹರಿದು ಗವಿಯನ್ನು ಸೇರುತ್ತದೆ. ಆದರೆ ಅದಿಷ್ಟೇ ಅಲ್ಲವೆಂಬುದು ತಿಳಿದುಬಂದದ್ದು ಒಂದು ಬೆಂಕಿಯಿಂದ.

ಗವಿಗೆ ಸುಮಾರು 15 ಕಿಲೋಮೀಟರು ದೂರದಲ್ಲಿ ಪೊಂತಾರ್ಲಿಯೆ ಪಟ್ಟಣವಿದೆ. ಅದರ ಬದಿಯಲ್ಲಿ ಹರಿಯುವುದು ಲೂ ಅಲ್ಲ, ದೂ ಎಂಬ ಬೇರೆ ನದಿ. (ಫ್ರೆಂಚರು ಎರಡಕ್ಕೂ ಧಾರಾಳವಾಗಿ ಅಕ್ಷರಗಳನ್ನು ಸುರಿದು ಬರೆದರೂ ಬಾಯಲ್ಲಿ ನುಡಿಯುವುದು ಇಷ್ಟೆ.) 1901ನೆಯ ಆಗಸ್ಟ್ 11ರಂದು ಅಲ್ಲಿಯ ಪೆರ್ನೋ ಮದ್ಯದ ಕಾರ್ಖಾನೆಗೆ ಸಿಡಿಲು ಬಡಿದು ಬೆಂಕಿ ಹತ್ತಿತು. ತೊಟ್ಟಿಗಳು ಸಿಡಿದಾವೆಂದು ಅವನ್ನು ತೆರೆದುಬಿಟ್ಟರು. ಆಬ್ಸಾಂತ್ ಎಂಬ ಮದ್ಯ ದೂ ನದಿಯ ಪಾಲಾಯಿತು. ಎರಡು ದಿನ ಕಳೆದ ಮೇಲೆ ಲೂ ನದಿಯ ಗವಿಯಲ್ಲಿ ಅದೇ ಮದ್ಯದ ವಾಸನೆ! 1910ರಲ್ಲಿ ಗುಹಾಶೋಧಕ ಮಾರ್ತೆಲ್ ದೂ ನದಿಗೆ ಬಣ್ಣ ಬೆರೆಸಿ ನೋಡಿದ. ಬಣ್ಣವೂ ಗವಿಯಲ್ಲಿ ಕಾಣಿಸಿಕೊಂಡು ಸಂಶಯ ತೀರಿತು. ದೂ ನದಿಯ ಪಾತ್ರದ ಬಿರುಕುಗಳಲ್ಲಿ ಇಳಿದುಹೋಗುವ ನೀರಿನ ಒಂದು ಪಾಲೇ ಲೂ ಆಗಿ ಎದ್ದುಬರುತ್ತದೆ.

ಇನ್ನೊಂದು ಸ್ವಾರಸ್ಯವುಂಟು. ದೂ ನದಿ ಈಶಾನ್ಯಕ್ಕೆ ಹೋಗಿ, ಸ್ವಿಸ್ ಗಡಿಯನ್ನು ಮುಟ್ಟಿ, ಹಿಂದಿರುಗಿ, ಬೆಸಾನ್ಸೋಂ ನಗರವನ್ನು ಬಳಸಿಕೊಂಡು ದೋಲ್ ಪಟ್ಟಣದ ಆಚೆಗೆ ಬರುತ್ತದೆ. ಅಲ್ಲಿ ಲೂ ಅದನ್ನು ಕೂಡುತ್ತದೆ. ಮೇಲೆ ಕಳೆದುಕೊಂಡ ನೀರು ಅಡ್ಡದಾರಿಯಿಂದ ಬಂದು ಕೈಸೇರಿದಂತಾಯಿತು.

ಈ ಅಡ್ಡದಾರಿಯೇ ಇಂದಿನ ಚಿಂತೆಗೂ ಕಾರಣ. ಮರಳುನೆಲದಲ್ಲಿ ನೀರು ಮೆಲ್ಲಗೆ ಸೋಸಿ ಇಳಿಯುತ್ತದೆ; ಸುಣ್ಣಕಲ್ಲಿನ ಸುರಂಗದಲ್ಲಿ ಸೋಸುವವರಿಲ್ಲ. ಮದ್ಯ ಬಂದ ದಾರಿಯಲ್ಲಿ ಹೊಲದ ಗೊಬ್ಬರ, ಊರಿನ ಕೊಳಚೆಗಳೂ ಬರಬಲ್ಲವು. 2010ರ ಸುಮಾರಿಗೆ, ಟ್ರೌಟ್ ಮೀನಿಗೆ ಹೆಸರಾದ ಈ ನದಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. 2018ರ ಬರದಲ್ಲಿ ದೂ ನದಿಯ ಪಾತ್ರ ಪೊಂತಾರ್ಲಿಯೆಯಿಂದ ಕೆಳಗೆ ಕೆಲವೆಡೆ ಒಣಗಿ ಕಲ್ಲು ಮಾತ್ರ ಉಳಿಯಿತು.